ಹದಿನೇಳನೆಯ ಕಂತು ನನ್ನದಲ್ಲ

ಮಲೆನಾಡಿನಲ್ಲಿ ಕೂತು ಬರೆಯುವವರಿಗೆ ಸ್ಫೂರ್ತಿಗೇನು ಬರ ಎಂದು ಯಾರಾದರೂ ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಬರೆಯುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾದವು. ಸಿಟ್ಟು ಮಾತ್ರ ನಿಂತಿಲ್ಲ. ಈಗ ಕಥೆ ಕಾದಂಬರಿ ಬರೆಯಲು ಹೊರಟ ಹುಡುಗಿಯರು ಮನೆಗೆ ಬಂದು, ನಿಮ್ಮ ಕಾಲದಲ್ಲಿ ಹೇಗಿತ್ತು ಅಮ್ಮ ಎಂದು ಕೇಳುತ್ತಾರೆ. ನನಗೆ ಹೊದೆಸಿದ ಶಾಲುಗಳ ಕಥೆ ಅವರಿಗೇಕೆ? ಶಾಲುಗಳನ್ನು ನುಸಿ ತಿಂದಾಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಮೂಡಿಗೆರೆಯಲ್ಲಿ ನನ್ನ ಯಜಮಾನರು ಲೋಕೋಪಯೋಗಿ ಇಲಾಖೆಯಲ್ಲಿದ್ದರು. ನಾನು ಎರಡು ವಾರಪತ್ರಿಕೆಗಳಿಗೆ ಧಾರಾವಾಹಿ, ಒಂದು ಮಾಸಿಕಕ್ಕೆ ತಿಂಗಳಿಗೊಂದು ನೀಳ್ಗತೆ ಬರೆಯುತ್ತಿದ್ದೆ. ಬೆಳಿಗ್ಗೆ ಮನೆಯವರು ಸೈಟಿಗೆ ಹೋದ ಮೇಲೆ ಅಡುಗೆಮನೆಯ ಮೂಲೆಯಲ್ಲಿ ಮಣೆ ಹಾಕಿಕೊಂಡು ಕೂತರೆ, ಕುಕ್ಕರಿನ ಕೂಗು ಎಣಿಸುತ್ತಲೇ ನಾಯಕಿಯನ್ನು ಅಳಿಸಬೇಕು. ಗುರುವಾರ ಮಧ್ಯಾಹ್ನದ ಟಪಾಲು ತಪ್ಪಿದರೆ ಬೆಂಗಳೂರಿಗೆ ಸೋಮವಾರ ಮುಟ್ಟುವುದಿಲ್ಲ. ಸೋಮವಾರ ಮುಟ್ಟದಿದ್ದರೆ ಸಂಪಾದಕರಿಂದ ತಂತಿ. ನಮ್ಮ ಓಣಿಯಲ್ಲಿ ತಂತಿ ಬಂದರೆ ಯಾರೋ ಸತ್ತರೆಂದೇ ಜನ ಹೊರಗೆ ಬರುತ್ತಿದ್ದರು. ನಾಲ್ಕೈದು ಸಲವಾದ ಮೇಲೆ, ಪದ್ಮಮ್ಮನ ಕಂತು ಹೋಗಿಲ್ಲ ಅಷ್ಟೇ ಎಂದು ಒಳಗೆ ಹೋಗುತ್ತಿದ್ದರು.

ಈ ಓಟದಲ್ಲಿ ಮಾಡಿದ ತಪ್ಪುಗಳು ಒಂದೆರಡಲ್ಲ. ಐದನೆಯ ಕಂತಿನಲ್ಲಿ ಹೃದಯಾಘಾತದಿಂದ ತೀರಿಕೊಂಡಿದ್ದ ಒಬ್ಬ ಅತ್ತೆ ಒಂಬತ್ತನೆಯ ಕಂತಿನಲ್ಲಿ ಎದ್ದು ಬಂದು ಎಲ್ಲರಿಗೂ ನೀರುದೋಸೆ ಹುಯ್ದುಕೊಟ್ಟಳು. ಅಚ್ಚಾಗುವವರೆಗೆ ನಾನೂ ನೋಡಲಿಲ್ಲ, ಪತ್ರಿಕೆಯವರೂ ನೋಡಲಿಲ್ಲ. ಇನ್ನೊಮ್ಮೆ ಚಿತ್ರ ಬರೆಯುವವರು ಅವಸರಕ್ಕೆ ನನ್ನ ಬರಹ ತಲುಪುವ ಮೊದಲೇ ನಾಯಕಿಯನ್ನು ಸೈಕಲ್ ಮೇಲೆ ಕೂರಿಸಿ ಅಚ್ಚಿಗೆ ಲೋಹದ ಬ್ಲಾಕ್ ಮಾಡಿಸಿಬಿಟ್ಟಿದ್ದರು. ಬ್ಲಾಕ್ ವ್ಯರ್ಥ ಮಾಡಲಾಗುವುದಿಲ್ಲ, ಸೈಕಲ್ ಸನ್ನಿವೇಶ ಹಾಕಿ ಎಂದು ಸಂಪಾದಕರು ಬರೆದರು. ಮಡಿ ಸೀರೆಯಲ್ಲಿ ಪೂಜೆಗೆ ಕೂತಿದ್ದವಳನ್ನು ಎಬ್ಬಿಸಿ ನಾನು ಸೈಕಲ್ ಹತ್ತಿಸಿದೆ. ಆಗ ನಕ್ಕಿದ್ದೆ. ನಗಬಾರದಿತ್ತು. ಚಿತ್ರಕ್ಕೆ ತಕ್ಕಂತೆ ಕತೆ ಬರೆಯುವವಳು ಎಂದು ಅವರಿಗೆ ಗೊತ್ತಾಗಿಹೋಯಿತು.

ಮುಖ್ಯ ವಿಷಯಕ್ಕೆ ಬರುತ್ತೇನೆ.

ಒಂದು ಧಾರಾವಾಹಿಯಲ್ಲಿ ಸುಮಿತ್ರೆ ಎಂಬ ಹೆಣ್ಣು. ಗಂಡನ ಸಂಶಯ ತಡೆಯಲಾರದೆ ಮನೆ ಬಿಟ್ಟು, ಸಣ್ಣ ಕೋಣೆ ಮಾಡಿಕೊಂಡು, ಟೈಪಿಂಗ್ ಕಲಿಸಿ ಬದುಕುವವಳು. ನಾನು ಬರೆದ ಅಷ್ಟೂ ಹೆಂಗಸರಲ್ಲಿ ಅವಳೊಬ್ಬಳು ನಾನು ಹೇಳಿದ ಹಾಗೆ ಕೇಳುತ್ತಿರಲಿಲ್ಲ. ಅದಕ್ಕೇ ಅವಳ ಮೇಲೆ ನನಗೆ ಪ್ರೀತಿ. ಹದಿನೇಳನೆಯ ಕಂತನ್ನು ಕಳಿಸಿದ ವಾರ ಆಷಾಢದ ಮಳೆಗೆ ಗುಡ್ಡ ಜರಿದು ರಸ್ತೆ ಮುಚ್ಚಿತು. ಟಪಾಲು ಚೀಲ ಎಲ್ಲೋ ಉಳಿಯಿತು. ಟ್ರಂಕ್ ಕಾಲ್ ಸಿಗಲಿಲ್ಲ. ರಸ್ತೆ ತೆರೆದ ದಿನ ಬಂದ ಪತ್ರಿಕೆಯನ್ನು, ಆ ವಾರ ನನ್ನ ಕತೆ ಇರುವುದಿಲ್ಲ ಎಂದುಕೊಂಡು ಬಿಡಿಸಿದರೆ, ಕತೆ ಇತ್ತು. ನನ್ನ ಹೆಸರೂ ಇತ್ತು. ನಾನು ಬರೆದ ಒಂದು ಸಾಲೂ ಇರಲಿಲ್ಲ.

ಕಚೇರಿಯಲ್ಲಿ ಯಾರೋ ಕೂತು ಬರೆದಿದ್ದರು. ಅದರಲ್ಲಿ ಸುಮಿತ್ರೆ ಒಂದು ಕೆಟ್ಟ ಕನಸು ಕಂಡು, ತಾಳಿ ಕಣ್ಣಿಗೊತ್ತಿಕೊಂಡು, ಗಂಡನ ಮನೆಗೆ ಓಡಿ, ಅವನ ಕಾಲಿಗೆ ಬಿದ್ದು 'ಸ್ವಾಮಿ, ನನ್ನನ್ನು ಕ್ಷಮಿಸಿ' ಅನ್ನುತ್ತಾಳೆ.

ಆ ದಿನವೇ ಅಂಚೆಕಚೇರಿಗೆ ಹೋಗಿ ಎರಡು ಗಂಟೆ ಕಾದು ಫೋನ್ ಮಾಡಿದೆ. ಸಂಪಾದಕರಿಗೆ ಬೇಜಾರೇ ಇರಲಿಲ್ಲ. ಪುಟ ಖಾಲಿ ಬಿಡಲಾಗುತ್ತದೆಯೇ ಎಂದರು. ಈ ಕಂತಿಗೆ ಬಂದಷ್ಟು ಮೆಚ್ಚುಗೆಯ ಕಾಗದ ನಿಮ್ಮ ಯಾವ ಕಂತಿಗೂ ಬಂದಿಲ್ಲ, ಸಂತೋಷಪಡಿ ಎಂದರು. ನಾನು ಏನೋ ತೊದಲಿ ಫೋನ್ ಇಟ್ಟೆ. ಮನೆಗೆ ಬಂದು ಹದಿನೆಂಟನೆಯ ಕಂತನ್ನು ಅವಳು ಗಂಡನ ಮನೆಯಲ್ಲಿ ಇರುವ ಹಾಗೆ ಬರೆದೆ. ಹೌದು, ಬರೆದೆ. ಸಿಟ್ಟು ಅವರ ಮೇಲೆ ಎಷ್ಟಿದೆಯೋ ಆ ದಿನ ಮಣೆ ಹಾಕಿಕೊಂಡು ಕೂತ ನನ್ನ ಮೇಲೆ ಅದರ ಎರಡರಷ್ಟಿದೆ.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ಇಪ್ಪತ್ತೈದರ ಆಸುಪಾಸಿನ ಒಬ್ಬಳು ಬಾಗಿಲಲ್ಲಿ ನಿಂತಿದ್ದಳು. ಹೆಸರು ಜಲಜಾಕ್ಷಿ. ಆಲ್ದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಅಣ್ಣನ ದಿನಸಿ ಅಂಗಡಿ. ಗಂಡ ಬಾಳೆಹೊನ್ನೂರಿನ ಕಡೆ ಒಂದು ಎಸ್ಟೇಟಿನಲ್ಲಿ ರೈಟರ್. ನಮ್ಮ ಕಡೆ ತೋಟದ ಗುಮಾಸ್ತನಿಗೆ ಹಾಗೆನ್ನುವುದು. ಮೂಡಿಗೆರೆಗೆ ಯಾರದೋ ಮಗುವಿನ ನಾಮಕರಣಕ್ಕೆ ಗಂಡನ ಜೊತೆ ಬಂದವಳು ಅರ್ಧ ಗಂಟೆ ಅವನ ಕಣ್ಣು ತಪ್ಪಿಸಿಕೊಂಡು ನನ್ನ ಮನೆ ಹುಡುಕಿದ್ದಳು. ಆ ಹೊತ್ತಿಗೆ ನಮ್ಮ ಯಜಮಾನರ ಮೇಲಧಿಕಾರಿಯ ಹೆಂಡತಿ ನನ್ನೆದುರು ಕುರ್ಚಿಯಲ್ಲಿ ಕೂತು, ಅದೇ ಕಂತನ್ನು ಓದಿ ತಾವು ಅತ್ತದ್ದನ್ನು ವರ್ಣಿಸುತ್ತಿದ್ದರು.

ಜಲಜಾಕ್ಷಿ ನೆಲದ ಮೇಲೆಯೇ ಕೂತಳು. ಶರಬತ್ತು ಮುಟ್ಟಲಿಲ್ಲ. "ಅಕ್ಕಾ, ಆ ಹದಿನೇಳನೇದು ನೀವೇ ಬರ್ದದ್ದಾ?" ಎಂದಳು.

ಯಾಕೆ ಕೇಳುತ್ತೀ ಎಂದೆ.

"ಅದ್ರಲ್ಲಿ ಸುಮಿತ್ರೆ ಗಂಡನಿಗೆ ಸ್ವಾಮಿ ಅಂತಾಳೆ. ಅಲ್ಲಿ ತನಕ ಒಂದು ಸಲನೂ ಅಂದಿಲ್ಲ. ನಾನು ಎಲ್ಲ ತೆಗ್ದು ನೋಡಿದೆ." ಮತ್ತೆ ಸೇರಿಸಿದಳು: "ನಾನೂ ಅವಳ ಹಾಗೇ ಅಣ್ಣನ ಮನೆಗೆ ಬಂದಿದ್ದೆ. ಆ ಕಂತನ್ನ ಅಣ್ಣ ಎಲ್ರ ಎದ್ರು ಗಟ್ಟಿಯಾಗಿ ಓದಿದ್ರು. ನೋಡು, ನಿನ್ನ ಸುಮಿತ್ರೆನೂ ವಾಪಸ್ ಹೋದ್ಲು ಅಂದ್ರು. ಆಮೇಲೆ ನಾನು ಹೋದೆ."

ಎದುರಿಗೆ ದೊಡ್ಡ ಅಧಿಕಾರಿಯ ಹೆಂಡತಿ. ನನ್ನ ಹೆಸರಿನಲ್ಲಿ ಇನ್ನೊಬ್ಬರು ಬರೆಯುತ್ತಾರೆ ಎಂದು ಆಕೆಗೆ ತಿಳಿದರೆ ಊರಿಗೆಲ್ಲ ತಿಳಿದಂತೆ. ನನಗೆ ಆ ಕ್ಷಣ ಕಂಡದ್ದು ಅಷ್ಟೇ.

"ನಾನೇ ಬರ್ದದ್ದು. ಕತೆ ಎಲ್ಲಾದ್ರೂ ತಿರುಗ್ಬೇಕಲ್ಲ" ಎಂದೆ.

ಅವಳು ನನ್ನ ಮುಖವನ್ನೇ ನೋಡಿ, ಸರಿ ಎಂದು ಎದ್ದು ಹೋದಳು. ನಾನು ಬಾಗಿಲವರೆಗೂ ಹೋಗಲಿಲ್ಲ.

ಆಮೇಲೆ ನನ್ನ ಬಲಗೈ ಕೆಟ್ಟಿತು. ಪೆನ್ನು ಹಿಡಿದರೆ ಹೆಬ್ಬೆರಳು ಒಳಗೆ ಮಡಚಿಕೊಳ್ಳುತ್ತಿತ್ತು. ಸೌಟು ಹಿಡಿಯಬಹುದು, ಪೊರಕೆ ಹಿಡಿಯಬಹುದು, ಪೆನ್ನು ಮಾತ್ರ ಆಗದು. ಡಾಕ್ಟರು ಕೈ ತಿರುಗಿಸಿ ಮುರುಗಿಸಿ ನೋಡಿ, ಕೈಗೇನೂ ಆಗಿಲ್ಲ, ವಿಶ್ರಾಂತಿ ಬೇಕು ಎಂದರು. ಸಂಪಾದಕರಿಗೆ ತಿಳಿಸಿದೆ. ಅವರ ಉತ್ತರ ನನಗೆ ಬಾಯಿಪಾಠ: ಧಾರಾಳವಾಗಿ ಒಂದು ತಿಂಗಳು ವಿಶ್ರಾಂತಿ ತೆಗೆದುಕೊಳ್ಳಿ, ಆ ಅವಧಿಯ ನಾಲ್ಕು ಕಂತುಗಳನ್ನು ಯಾರಿಂದಲಾದರೂ ಬರೆಸಿ ಮುಂಗಡವಾಗಿ ಕಳಿಸಿ. ನಾನು ಹೇಳಿ ಯಜಮಾನರಿಂದ ಬರೆಸಿದ ನಾಲ್ಕನ್ನು ಕಳಿಸಿ, ಕಳಸದ ಹತ್ತಿರವಿದ್ದ ಅತ್ತಿಗೆಯ ಮನೆಗೆ ಹೋದೆ.

ನನ್ನ ಯಜಮಾನರ ಅಕ್ಕ ನಾಗವೇಣಿ. ಗಂಡ ಹೋದ ಮೇಲೆ ನಾಲ್ಕೆಕರೆ ಕಾಫಿಯನ್ನು ತಾವೇ ನೋಡಿಕೊಂಡಿದ್ದರು. ಮಾತು ಕಡಿಮೆ. ಓದು ಬರಹ ಅದಕ್ಕಿಂತ ಕಡಿಮೆ. ಆದರೆ ನಾನು ಬಂದ ಸುದ್ದಿ ಹಬ್ಬಿ, ಓದಿದವರೆಲ್ಲ ನೋಡಲು ಬಂದರು. ಬಂದವರದ್ದೆಲ್ಲ ಒಂದೇ ಮಾತು: ಈ ಬೆಟ್ಟ, ಈ ಮಂಜು, ಇಲ್ಲಿ ಕೂತರೆ ಕತೆ ತಾನಾಗಿ ಬರುತ್ತದೆ. ಬೆಟ್ಟ ನೋಡಿದೆ. ಬೆಟ್ಟದ ಹಾಗೆ ಇತ್ತು. ಮಂಜು ಒಂಬತ್ತು ಗಂಟೆಗೆ ಹೋಗುತ್ತಿತ್ತು. ಆಮೇಲೆ ಕುದುರೆಮುಖದ ಕಡೆ ಗಣಿಯ ಯಂತ್ರ ಹೊತ್ತ ಲಾರಿಗಳು ಏರು ಹತ್ತುವ ಸದ್ದು. ಹತ್ತು ದಿನ ಉಂಡು ಮಲಗಿದೆ. ಎದ್ದಾಗಲೆಲ್ಲ 'ಸರಿ' ಎಂದು ಎದ್ದು ಹೋದವಳ ಬೆನ್ನು ಕಣ್ಣೆದುರು. ಇದನ್ನು ವಿಶ್ರಾಂತಿ ಎನ್ನುವವರಿಗೆ ನಾನೇನು ಹೇಳಲಿ?

ಹನ್ನೊಂದನೆಯ ದಿನ ಅತ್ತಿಗೆ, "ಬರೀಲಿಕ್ಕೆ ಆಗ್ದಿದ್ರೆ ಬೇಡ ಮಾರಾಯ್ತಿ. ಹಣ್ಣು ಆರ್ಸ್ಲಿಕ್ಕೆ ಆಗ್ತದಲ್ಲ" ಎಂದು ಕಣಕ್ಕೆ ಕರೆದುಕೊಂಡು ಹೋದರು.

ಕೊಯ್ಲಿನ ಕಾಲ. ಹೆಂಗಸರು ಸಂಜೆ ನಾಲ್ಕಕ್ಕೆ ಚೀಲ ತಂದು ಕಣದಲ್ಲಿ ಸುರಿಯುತ್ತಾರೆ. ಕೆಂಪು ಹಣ್ಣಿನ ನಡುವೆ ಸೇರಿದ ಹಸಿರು ಕಾಯಿ ಆರಿಸಿ ಬೇರೆ ಮಾಡಬೇಕು. ಒಂದು ಹಸಿರು ಉಳಿದರೂ ಅತ್ತಿಗೆಯ ಕಣ್ಣಿಗೆ ಬೀಳುತ್ತಿತ್ತು. ಮೊದಲ ದಿನ ನನ್ನ ರಾಶಿಯನ್ನು ಅವರು ಮತ್ತೆ ಆರಿಸಿದರು. ಮೂರನೆಯ ದಿನ ಮತ್ತೆ ಆರಿಸುವುದನ್ನು ಬಿಟ್ಟರು. ನನಗೆ ಸಿಕ್ಕ ಯಾವ ವಿಮರ್ಶೆಯೂ ಅಷ್ಟು ಖುಷಿ ಕೊಟ್ಟದ್ದಿಲ್ಲ. ಆ ರಾತ್ರಿಯಿಂದ ನಿದ್ದೆ ಹತ್ತಿತು. ವಿಶ್ರಾಂತಿ ಎಂದರೆ ನನಗೆ ಗೊತ್ತಿರುವುದು ಇಷ್ಟು. ತಪ್ಪು ಮಾಡಿದರೆ ಅಲ್ಲೇ ಕಾಣುವ, ಅಲ್ಲೇ ತಿದ್ದಬಹುದಾದ ಒಂದು ಕೆಲಸ. ಆ ಕೆಲಸದಲ್ಲಿ ನನ್ನ ಹೆಸರು ಎಲ್ಲೂ ಅಚ್ಚಾಗುತ್ತಿರಲಿಲ್ಲ.

ಕಣದಲ್ಲಿ ಘಟ್ಟದ ಕೆಳಗಿನಿಂದ ಬಂದ ಅಕ್ಕು ಎಂಬವಳಿದ್ದಳು. ಐವತ್ತು ದಾಟಿದವಳು, ಕೈ ಎಲ್ಲರಿಗಿಂತ ಚುರುಕು. ನೀವು ಕತೆ ಮಾಡುವವರಂತೆ, ಒಂದು ಹೇಳಿ ಎಂದಳು. ಸುಮಿತ್ರೆಯ ಕತೆ ಶುರು ಮಾಡಿದೆ. ದಿನಕ್ಕೆ ಸ್ವಲ್ಪ. ಬರೆಯುವಾಗ ಮೂರು ಪುಟ ಹಿಡಿದ ಮುಸ್ಸಂಜೆ ವರ್ಣನೆ ಅಲ್ಲಿ 'ಕತ್ತಲಾಯ್ತು' ಎಂಬಲ್ಲಿಗೆ ಮುಗಿಯುತ್ತಿತ್ತು. ಬೇಸರವಾದರೆ ಅವರು ತಮ್ಮತಮ್ಮಲ್ಲೇ ತುಳುವಿನಲ್ಲಿ ಮಾತು ಶುರುಮಾಡಿಬಿಡುತ್ತಿದ್ದರು. ಎಂಟು ವರ್ಷ ವಾರವಾರ ಬರೆದರೂ ಎಲ್ಲಿ ಉದ್ದವಾಯಿತು ಎಂದು ನನಗೆ ಕಣ್ಣೆದುರೇ ತೋರಿಸಿಕೊಟ್ಟವರು ಅವರೇ ಮೊದಲು.

ಹದಿನೇಳನೆಯ ಕಂತಿನ ಹತ್ತಿರ ಬಂದಾಗ, ಅಚ್ಚಾದದ್ದೇ ಕತೆ ಎಂಬ ಅಭ್ಯಾಸಬಲದಿಂದ, ಅಚ್ಚಾದ ಹಾಗೇ ಹೇಳಿದೆ. ಕನಸು ಬಿತ್ತು, ಓಡಿದಳು, ಕಾಲಿಗೆ ಬಿದ್ದಳು.

ಅಕ್ಕುವಿನ ಕೈ ನಿಂತಿತು. "ಅದು ಅವಳು ಮಾಡಿದ್ದಲ್ಲ ಅಮ್ಮ. ಯಾರೋ ಮಾಡ್ಸಿದ್ದು."

ಯಾಕೆ ಹಾಗೆ ಹೇಳುತ್ತೀ ಎಂದೆ.

"ಒಬ್ಳೇ ಕೋಣೆ ಮಾಡಿ, ಒಬ್ಳೇ ಉಂಡೋಳು ಬೇಕಾದ್ರೆ ವಾಪಸ್ ಹೋಗ್ತಾಳೆ. ನಾನೂ ಹೋಗಿದ್ದೆ ಒಂದ್ಸಲ. ಆದ್ರೆ ಕಾಲಿಗೆ ಬೀಳಲ್ಲ. ಬಾಗ್ಲಲ್ಲಿ ನಿಂತು ಮೊದ್ಲು ಒಂದು ಮಾತು ಕೇಳ್ತಾಳೆ. ಅದಕ್ಕೆ ಜವಾಬು ಸಿಕ್ಕಿದ್ರೆ ಒಳಗೆ, ಇಲ್ದಿದ್ರೆ ಬಸ್ಸಿಗೆ."

ಎಂತ ಮಾತು ಎಂದು ಕೇಳಿದೆ.

"ಅದು ನಿಮಗೆ ಗೊತ್ತಿರ್ಬೇಕು" ಎಂದು ಅಕ್ಕು ಮತ್ತೆ ಹಣ್ಣಿಗೆ ಕೈ ಹಾಕಿದಳು.

ಮರುದಿನ ಬೆಳಿಗ್ಗೆ ಅತ್ತಿಗೆಯ ಹತ್ತಿರ ಸೀಸದಕಡ್ಡಿ ಕೇಳಿದೆ. ಪೆನ್ನಿಗೆ ಮಡಚುತ್ತಿದ್ದ ಹೆಬ್ಬೆರಳು ಸೀಸದಕಡ್ಡಿಗೆ ಸುಮ್ಮನಿತ್ತು. ದಿನಕ್ಕೆ ಒಂದೇ ಪುಟ. ನನ್ನ ವೃತ್ತಿಯಲ್ಲಿ ಅಷ್ಟು ನಿಧಾನ ಎಂದೂ ಬರೆದಿರಲಿಲ್ಲ, ಅಷ್ಟು ಸಿಟ್ಟಿನಿಂದಲೂ ಬರೆದಿರಲಿಲ್ಲ. ಟಪಾಲಿನಲ್ಲಿ ಕಳೆದುಹೋದ ನನ್ನ ಕಂತನ್ನು ನೆನಪಿಸಿಕೊಂಡು ಬರೆಯಲು ಹೊರಟವಳು ಅದನ್ನೂ ಬಿಟ್ಟೆ. ಬಾಗಿಲಲ್ಲಿ ಕೇಳುವ ಮಾತು ಅದರಲ್ಲೂ ಇರಲಿಲ್ಲ. ಅದೂ ಸುಳ್ಳೇ ಆಗಿತ್ತು, ಸ್ವಲ್ಪ ಚಂದದ ಸುಳ್ಳು. ಈಗ ಸುಮಿತ್ರೆ ಬಾಗಿಲಲ್ಲಿ ನಿಂತು ಗಂಡನನ್ನು ಕೇಳುತ್ತಾಳೆ: ನಾನು ಇಲ್ಲದಿದ್ದಾಗ ನನ್ನ ಬಗ್ಗೆ ಊರಿಗೆ ಏನು ಹೇಳಿದಿರಿ? ಅವನು ಉತ್ತರಿಸುವುದಿಲ್ಲ. ಅವಳು ಬಸ್ಸಿಗೆ ಹೋಗುತ್ತಾಳೆ. ಎಂಟು ಪುಟ, ಎಂಟು ದಿನ. ಜೀವನದಲ್ಲಿ ಮೊದಲ ಬಾರಿ ಕಾರ್ಬನ್ ಹಾಳೆ ಇಟ್ಟು ನಕಲು ತೆಗೆದೆ. ಹುಡುಗಿಯರೇ, ಮೊದಲ ದಿನದಿಂದಲೇ ನಕಲು ಇಟ್ಟುಕೊಳ್ಳಿ.

ಕಳಸದ ಅಂಚೆಕಚೇರಿಯಿಂದ ಮೂಲವನ್ನು ಕಳಿಸಿ, ಅಲ್ಲಿಂದಲೇ ಸಂಪಾದಕರಿಗೆ ಫೋನ್ ಮಾಡಿ, ಇದನ್ನು ಹಾಕಿ, ಹಿಂದಿನದು ನನ್ನದಲ್ಲ ಎಂದು ಎರಡು ಸಾಲು ಪ್ರಕಟಿಸಿ ಎಂದೆ. ಪತ್ರಿಕೆಯ ಮರ್ಯಾದೆ ಏನಾಗಬೇಕು ಎಂದರು.

"ನನ್ನ ಮರ್ಯಾದೆ?" ಎಂದೆ.

"ಅದನ್ನ ಕೊಟ್ಟಿದ್ದೇ ನಾವಲ್ವೇನಮ್ಮ" ಎಂದರು. ಜೋರಾಗಿ ಹೇಳಲಿಲ್ಲ. ಅಂಗಡಿಯವನು ಚೀಲ ಕೊಡುವಾಗ ಆಡುವ ಸ್ವರ.

ಇನ್ನು ಮುಂದೆ ನನ್ನ ಕಂತು ಬರುವುದಿಲ್ಲ ಎಂದೆ. ಬರಲಿಲ್ಲ. ಆದರೂ ಧಾರಾವಾಹಿ ನಿಲ್ಲಲಿಲ್ಲ. ಇನ್ನೂ ಆರು ವಾರ ನನ್ನ ಹೆಸರಿನಲ್ಲೇ ನಡೆಯಿತು, ಸುಮಿತ್ರೆಗೆ ಅವಳಿ ಮಕ್ಕಳಾಗಿ ಮುಗಿಯಿತು. ನಾನು ಬರೆದ ಪ್ರತಿಭಟನೆಯ ಕಾಗದ ಎಲ್ಲೂ ಬೆಳಕು ಕಾಣಲಿಲ್ಲ. ಇನ್ನೊಂದು ವಾರಪತ್ರಿಕೆಯವರೂ ಆಮೇಲೆ ನನ್ನನ್ನು ಕೇಳುವುದು ಬಿಟ್ಟರು. ಕಷ್ಟದ ಹೆಂಗಸು ಎಂದು ಹೆಸರಾಯಿತು. ಮೂರು ವರ್ಷಕ್ಕೆ ಕಾದಂಬರಿಯನ್ನು ನಾನು ಬರೆದ ಹಾಗೆ ಚಿಕ್ಕಮಗಳೂರಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಪುಸ್ತಕ ಮಾಡಿಸಿದೆ. ಎಂಬತ್ತರ ದಶಕದಲ್ಲಿ ಒಟ್ಟು ನಾಲ್ಕೇ ಪುಸ್ತಕ ಬರೆದೆ. ನಾಲ್ಕೂ ಸೀಸದಕಡ್ಡಿಯಲ್ಲಿ, ದಿನಕ್ಕೊಂದು ಪುಟ. ಅದಕ್ಕೆ ಮುಂಚಿನ ಹದಿನಾರನ್ನು ಯಾರಾದರೂ ಹೊಗಳಿದರೆ ನಾನು ಮಾತು ಬದಲಿಸುತ್ತೇನೆ.

ಆದರೆ ಆ ಫೋನಿನ ಮರುದಿನದ್ದನ್ನು ಹೇಳದೆ ಇದು ಮುಗಿಯುವುದಿಲ್ಲ.

ಕಾರ್ಬನ್ ನಕಲನ್ನು ಚೀಲದಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಕಳಸದಿಂದ ಬಾಳೆಹೊನ್ನೂರಿನ ಕಡೆ ಹೊರಟೆ. ಜಲಜಾಕ್ಷಿ ಹೇಳಿದ್ದ ಎಸ್ಟೇಟಿನ ಹೆಸರು ನೆನಪಿತ್ತು. ಗೇಟಿನ ಹತ್ತಿರ ಇಳಿದು ಕೇಳಿದರೆ, ರೈಟರ ಮನೆ ಅದೇ, ಸಿಲ್ವರ್ ಓಕಿನ ಆಚೆ ಎಂದು ತೋರಿಸಿದರು. ಹಂಚಿನ ಸಣ್ಣ ಮನೆ. ಬಾಗಿಲಿಗೆ ಹೊರಗಿನಿಂದ ಬೀಗ. ಯಾರೂ ಇಲ್ಲವೆಂದು ತಿರುಗುವಷ್ಟರಲ್ಲಿ ಕಿಟಕಿಯ ಸರಳುಗಳ ಹಿಂದೆ ಅವಳ ಮುಖ ಕಂಡಿತು.

ಹಗಲು ಹನ್ನೊಂದು ಗಂಟೆ. ಬೀಗದ ಹೊರಗೆ ನಾನು, ಒಳಗೆ ಅವಳು.

ಅವಳಿಗೆ ಆಶ್ಚರ್ಯವಾಗಲಿಲ್ಲವೋ, ತೋರಿಸಲಿಲ್ಲವೋ. ದಿನಾ ಹೀಗೇ, ಅವರು ಬರುವುದು ಐದಕ್ಕೆ ಎಂದಳು. ನಾನು ಹೇಳಬೇಕಾದದ್ದನ್ನು ಹೇಳಿದೆ. ಆ ಕಂತು ನನ್ನದಲ್ಲ, ಅವತ್ತು ಸುಳ್ಳು ಹೇಳಿದೆ, ಎದುರು ಕೂತಿದ್ದವರಿಗೆ ಹೆದರಿ ಹೇಳಿದೆ ಎಂದೆ. ಕ್ಷಮಿಸು ಎಂದೆನೋ ಇಲ್ಲವೋ ನೆನಪಿಲ್ಲ.

"ಕಂತು ಯಾರ್ ಬರ್ದ್ರೂ ಅಣ್ಣ ನನ್ನ ಕಳಿಸ್ತಿದ್ರು" ಎಂದಳು. "ಆದ್ರೆ ಅದು ನಿಮ್ದಲ್ಲ ಅಂತ ನನಗೊಬ್ಳಿಗೆ ಗೊತ್ತು ಅಂದ್ಕೊಂಡಿದ್ದೆ. ಅದೊಂದು ಧೈರ್ಯ ಇತ್ತು. ನೀವು ನಂದೇ ಅಂದ್ರಲ್ಲ ಅಕ್ಕಾ, ಅವತ್ತು ಅದೂ ಹೋಯ್ತು."

ಸರಳುಗಳ ನಡುವಿನಿಂದ ಹಾಳೆಗಳನ್ನು ಕೊಟ್ಟೆ. ತೆಗೆದುಕೊಂಡಳು, ಓದಲಿಲ್ಲ. "ಇದು ಆಮೇಲೆ. ನೀವೀಗ ಆಲ್ದೂರಿಗೆ ಹೋಗಿ. ಬೀಗ ಕಣ್ಣಾರೆ ನೋಡಿದೀನಿ ಅಂತ ಅಣ್ಣನಿಗೆ ಹೇಳಿ. ನಾನು ಹೇಳಿದ್ರೆ ನಂಬಲ್ಲ ಅವ್ರು."

ಆಲ್ದೂರಿನ ಬಸ್ಸು ಸಿಕ್ಕಿದಾಗ ಒಂದು ಗಂಟೆ ದಾಟಿತ್ತು. ಅಂಗಡಿಯಲ್ಲಿ ನಾಲ್ಕೈದು ಗಿರಾಕಿಗಳು. ಅಣ್ಣ ಮರ್ಯಾದಸ್ಥ ಮನುಷ್ಯ. ನನ್ನ ಹೆಸರು ಕೇಳಿ ಎದ್ದು ನಿಂತು ಸ್ಟೂಲು ಒರೆಸಿದರು. ಕೂರದೆ ಹೇಳಿದೆ. ಅವರ ಮುಖ ಬಿಗಿಯಿತು. ಒಳಗೆ ಬನ್ನಿ, ಮಾತಾಡೋಣ ಎಂದರು. ಇಲ್ಲೇ ಹೇಳುತ್ತೇನೆ ಎಂದು ಇನ್ನೊಮ್ಮೆ, ಗಿರಾಕಿಗಳಿಗೂ ಕೇಳುವಂತೆ ಹೇಳಿದೆ.

"ನೀವು ಕತೆ ಕಟ್ಟೋರು ಅಮ್ಮ. ಇದನ್ನೂ ಕಟ್ಟಿಲ್ಲ ಅಂತ ಹೆಂಗೆ ತಿಳ್ಕೊಳ್ಳೋದು?" ಎಂದರು.

ಹತ್ತಿರ ಹತ್ತಿರ ಒಂದು ದಶಕ ಬರೆದವಳ ಮಾತಿಗೆ ಸಿಕ್ಕ ಬೆಲೆ ಅದು. ಆದರೆ ಅವರು ಕೇಳಿದ್ದರಲ್ಲಿ ತಪ್ಪೇನಿತ್ತು? "ನಂಬ್ಬೇಡಿ" ಎಂದೆ. "ನಿಮ್ಮ ತಂಗಿ ಗಂಡ ಬರೋದು ಐದಕ್ಕೆ. ಅದಕ್ಕೆ ಮೊದ್ಲು ಹೋಗಿ ಬಾಗ್ಲು ನೋಡಿ. ಬೀಗ ಇಲ್ದಿದ್ರೆ ವಾಪಸ್ ಬಂದು ಇದೇ ಜನದ ಎದ್ರು ನನಗೆ ಉಗೀರಿ. ನಾನು ಇಲ್ಲೇ ಇರ್ತೀನಿ."

ಗಿರಾಕಿಗಳಲ್ಲಿ ಒಬ್ಬರು, ಎದುರಿನ ಗ್ಯಾರೇಜಿನ ಇಬ್ರಾಹಿಂ ಸಾಹೇಬರು, ಅಕ್ಕಿಯ ಚೀಲವನ್ನು ಕೆಳಗಿಟ್ಟು, ಜೀಪು ಇದೆ, ನಡೀರಿ ಎಂದರು. ಅಣ್ಣ ಒಂದು ಗಳಿಗೆ ನಿಂತರು. ಆಮೇಲೆ ಅಂಗಿಯ ತೋಳು ಇಳಿಸಿಕೊಂಡು ಹೊರಟರು. ನಾನು ಆ ಸ್ಟೂಲಿನ ಮೇಲೆ ಮೂರು ಗಂಟೆ ಕೂತಿದ್ದೆ. ಅಣ್ಣನ ಹೆಂಡತಿ ಒಳಗಿನಿಂದ ಬಂದು ಕಾಫಿ ಇಟ್ಟು ಹೋದರು. ಆಮೇಲೆ ತಾವೂ ಹೊರಗೆ ಬಂದು ರಸ್ತೆ ನೋಡುತ್ತಾ ನಿಂತರು.

ಐದೂವರೆಗೆ ಜೀಪು ಬಂತು. ಮುಂದಿನ ಸೀಟಿನಲ್ಲಿ ಜಲಜಾಕ್ಷಿ. ಹಿಂದೆ ಅಣ್ಣ, ತೊಡೆಯ ಮೇಲೆ ಅವಳ ಟ್ರಂಕು. ಅವರ ಬಲಗೈಯ ಗೆಣ್ಣುಗಳು ಸುಲಿದಿದ್ದವು. ಬೀಗ ಒಡೆದದ್ದು ಯಾವುದರಲ್ಲಿ ಎಂದು ನಾನು ಕೇಳಲಿಲ್ಲ. ಅವರು ನನ್ನ ಮುಖ ನೋಡದೆ ಒಳಗೆ ಹೋದರು.

ಜಲಜಾಕ್ಷಿ ನನ್ನ ಹತ್ತಿರ ಬಂದು ಹಾಳೆಗಳನ್ನು ಚಾಚಿದಳು. ಅಣ್ಣ ಬರುವವರೆಗೆ ಕೂತು ಪೂರ್ತಿ ಓದಿದ್ದಳಂತೆ.

"ಎರಡು ಕಡೆ ಸರಿಯಿಲ್ಲ" ಎಂದಳು. "ಇವತ್ತು ಸಾಕಾಗಿದೆ. ನಾಳೆ ಬನ್ನಿ ಅಕ್ಕಾ, ಹೇಳ್ತೀನಿ."

ಮೂಡಿಗೆರೆಯಿಂದ ಮರುದಿನ ಮತ್ತೆ ಹೋದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅವಳು ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಹೋದಳು, ನಾನು ಸೀಸದಕಡ್ಡಿ ಹಿಡಿದು ಕೂತೆ. ಮಧ್ಯಾಹ್ನದ ಊಟದ ಹೊತ್ತಿಗೆ ಎರಡಲ್ಲ, ಏಳು ಕಡೆ ತಿದ್ದಿಸಿದ್ದಳು. ಒಂದಕ್ಕೂ ನಾನು ವಾದ ಮಾಡಲಿಲ್ಲ.